ಅಕ್ಕುತಾಯಿಯ ಒಂದು ನಿಮಿಷ

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ತೊಂಬತ್ನಾಲ್ಕರಿಂದ ತೊಂಬತ್ತೊಂಬತ್ತರ ನಡುವೆ ಮದುವೆಯಾದವರು ತಮ್ಮ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಇನ್ನೂ ಇಟ್ಟುಕೊಂಡಿದ್ದರೆ, ಅದರ ಮೊದಲ ಅರ್ಧ ನಿಮಿಷವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಬೇರೆಯವರು ಮಾಡಿದ ಕ್ಯಾಸೆಟ್ಟಾದರೆ ಗಂಡಿನ ಹೆಸರು, ಹೆಣ್ಣಿನ ಹೆಸರು ಗಿರಗಿರ ತಿರುಗುತ್ತ ಬಂದು ಎಸ್.ಟಿ. ಬಸ್ಸಿಗೆ ಟ್ರ್ಯಾಕ್ಟರ್ ಗುದ್ದಿದ ಹಾಗೆ ಗುದ್ದಿ ನಿಲ್ಲುತ್ತವೆ. ಎರಡೂ ಹೆಸರು ನಿಧಾನವಾಗಿ ಹೊರಟು, ನಡುವೆ ಸರಸರ ಬಂದು, ಹತ್ತಿರವಾದಾಗ ಮತ್ತೆ ನಿಧಾನವಾಗಿ ಪಕ್ಕಪಕ್ಕದಲ್ಲಿ ನಿಂತರೆ ಅದು ಅಕ್ಕುತಾಯಿ ಮಗದುಮ್ ಮಾಡಿದ್ದು ಎಂದು ತಿಳಿಯಿರಿ. ನಿಪ್ಪಾಣಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅವಳು ಐದಾರು ವರ್ಷ ಇದೇ ಕೆಲಸ ಮಾಡಿದಳು. ಅಕ್ಷರ ನಡೆಸುವುದನ್ನು ವಿಶ್ವವಿದ್ಯಾಲಯಕ್ಕೆ ಹೋಗಿ ಕಲಿತವಳು ನಮ್ಮ ಕಡೆ ಅವಳೊಬ್ಬಳೇ ಇರಬೇಕು. ನನಗೆ ಗೊತ್ತಿರುವ ಮಟ್ಟಿಗೆ ಬೇರೆ ಯಾರೂ ಇಲ್ಲ.

ನಾನು ಮುರಗೆಪ್ಪ. ಕಬ್ಬೂರಿನವನು. ಶೇಡಬಾಳದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರ ಎಂದರೆ ಸಾಲೆಯಲ್ಲಿ ಯಾರಿಗೂ ಲೆಕ್ಕವಿಲ್ಲ. ಗಣಿತದವರು ರಜೆ ಹಾಕಿದರೆ ಆ ತಾಸು ನನ್ನದು, ಧ್ವಜ ಕಟ್ಟುವುದು ನನ್ನದು, ಗೋಡೆಯ ಮೇಲೆ ಸುವಿಚಾರ ಬರೆಯುವುದೂ ನನ್ನದೇ. ಹಾಗೆ ಬರೆಯುವಾಗ ಎಂಟನೇ ಇಯತ್ತೆಯ ಒಂದು ಹುಡುಗಿ ಹಿಂದೆ ನಿಂತು, ನಿಮ್ಮ ‘ಕ’ ಮುಂದಕ್ಕೆ ಬೀಳುವ ಹಾಗಿದೆ ಸರ್ ಎಂದಳು. ನನಗೆ ಸಿಟ್ಟು ಬಂತು. ಏಣಿಯಿಂದ ಇಳಿದು ನೋಡಿದರೆ ನಿಜವಾಗಿಯೂ ಬೀಳುವ ಹಾಗೆಯೇ ಇತ್ತು. ಅವಳೇ ಅಕ್ಕುತಾಯಿ, ಕಬ್ಬು ಮತ್ತು ದ್ರಾಕ್ಷಿ ಬೆಳೆಯುವ ನೇಮಿನಾಥ ಮಗದುಮ್ಮರ ಮಗಳು.

ಅವಳನ್ನು ಗುಜರಾತಿನ ಒಂದು ವಿಶ್ವವಿದ್ಯಾಲಯದ ಕಲಾ ವಿಭಾಗಕ್ಕೆ ಕಳಿಸಿರಿ ಎಂದು ಹೇಳಲು ಎಂಬತ್ತೇಳರಲ್ಲಿ ನಾನೇ ಅವರ ಮನೆಗೆ ಹೋದೆ. ನೇಮಿನಾಥರು ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಹುಡುಗಿಯನ್ನು ಅಷ್ಟು ದೂರ ಕಳಿಸುವುದು, ಅದೂ ಅಕ್ಷರ ಬರೆಯುವುದನ್ನು ಕಲಿಯಲು, ಅವರ ತಲೆಗೆ ಹೋಗಲೇ ಇಲ್ಲ. ಅಕ್ಷರ ಒಂದನೇ ಇಯತ್ತೆಯಲ್ಲೇ ಕಲಿತಿದ್ದಾಳಲ್ಲ ಎಂದರು. ಆಗ ಒಳಗಿನಿಂದ ಅವರ ತಾಯಿ ಗಂಗೂಬಾಯಿ ಬಂದರು. ದಿನಾ ಬೆಳಿಗ್ಗೆ ಬಸದಿಗೆ ಹೋಗಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ನೀರನ್ನು ಸೋಸದೆ ಬಾಯಿಗೆ ಇಡದ ಹೆಂಗಸು. ಅವರು ಮಗನಿಗೆ ಹೇಳಿದ್ದು ಎರಡೇ ಮಾತು.

“ಹೋಗಲಿ ಬಿಡು ನೇಮು. ನಮ್ಮ ಮನ್ಯಾಗ ಮಾಡದ್ದು ಆಕಿ ಎಲ್ಲೂ ಮಾಡಂಗಿಲ್ಲ, ಅದಕ್ಕ ನಾ ಜವಾಬ್ದಾರಿ.”

ಆ ಜವಾಬ್ದಾರಿಯ ಮೇಲೆ ಅಕ್ಕುತಾಯಿ ಐದು ವರ್ಷ ಓದಿದಳು. ರಜೆಗೆ ಬಂದಾಗಲೆಲ್ಲ ನನ್ನ ಮನೆಗೆ ಬಂದು ಕಲಿತದ್ದನ್ನು ಹೇಳುತ್ತಿದ್ದಳು. ಒಂದು ಸೆಕೆಂಡಿನ ಸಿನೆಮಾಕ್ಕೆ ಇಪ್ಪತ್ನಾಲ್ಕು ಚಿತ್ರ ಬೇಕು. ಅಕ್ಷರವನ್ನು ಒಂದೇ ವೇಗದಲ್ಲಿ ನಡೆಸಿದರೆ ಅದು ಸತ್ತ ಅಕ್ಷರ. ಎತ್ತಿನ ಗಾಡಿ ಹೊರಡುವಾಗ ಹೇಗೆ ಮೊದಲು ಎಳೆದು, ಆಮೇಲೆ ಓಡಿ, ನಿಲ್ಲುವಾಗ ಮತ್ತೆ ಹಿಂದಕ್ಕೆ ಜಗ್ಗುತ್ತದೋ ಹಾಗೆ ಅಕ್ಷರಕ್ಕೂ ತೂಕ ಇರಬೇಕು. ಇವೆಲ್ಲ ಕೇಳಿ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗುತ್ತಿತ್ತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಯ ವರ್ಷ, ತೊಂಬತ್ತೆರಡರಲ್ಲಿ, ಪರೀಕ್ಷೆಗೆ ಒಂದು ನಿಮಿಷದ ಸಿನೆಮಾ ಮಾಡಬೇಕಿತ್ತು. ಅವಳ ಪ್ರಾಧ್ಯಾಪಕಿ, ಮುಂಬೈ ಟೀವಿಯ ಟೈಟಲ್ಲುಗಳನ್ನು ನಕಲು ಮಾಡಬೇಡ, ನಿನ್ನ ಮನೆಯಲ್ಲಿ ಏನಿದೆಯೋ ಅದನ್ನು ತಾ ಎಂದಿದ್ದರಂತೆ. ಅಕ್ಕುತಾಯಿಗೆ ನೆನಪಾದದ್ದು ಆಯಿಯ ಬೆರಳು. ಅವರ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಬಸದಿಯಲ್ಲಿ ಗಂಗೂಬಾಯಿ ದಿನಾ ಅಕ್ಕಿಕಾಳಿನಲ್ಲಿ ಸ್ವಸ್ತಿಕ, ಅದರ ಮೇಲೆ ಮೂರು ಚುಕ್ಕೆ, ಅದರ ಮೇಲೆ ಅರ್ಧಚಂದ್ರ ಇಡುತ್ತಿದ್ದರು. ಅದೇ ಅಕ್ಕಿಯಲ್ಲಿ ‘ಅ’ ಎಂಬ ಒಂದೇ ಅಕ್ಷರ ಮಾಡುವುದು ಅವಳ ಯೋಚನೆ. ಶಾಸನದ ಕಲ್ಲಿನ ಮೇಲಿನ ಹಳೆಯ ‘ಅ’ ಮೊದಲು, ಅದು ಕಾಳು ಕಾಳಾಗಿ ಸರಿದು, ಡೊಂಕಾಗಿ, ದುಂಡಗಾಗಿ, ನಾವು ಇವತ್ತು ಬರೆಯುವ ‘ಅ’ ಆಗುವುದು, ಕೊನೆಗೆ ಕಾಳುಗಳೆಲ್ಲ ಚೆದುರಿ ಹಲಗೆಯ ಹೊರಗೆ ಹೋಗುವುದು. ಎರಡು ಸಾವಿರ ವರ್ಷದ ದಾರಿ ಒಂದು ನಿಮಿಷಕ್ಕೆ. ಒಂದು ಸಲ ಕಾಳು ಸರಿಸಿ ಜೋಡಿಸಿದರೆ ಎರಡು ಚಿತ್ರ ತೆಗೆಯಬೇಕು. ಅಂದರೆ ಏಳುನೂರಾ ಇಪ್ಪತ್ತು ಸಲ ಸರಿಸಬೇಕು.

ಫೆಬ್ರುವರಿಯ ಕೊನೆಗೆ ಅವಳು ವಿಭಾಗದ ಕ್ಯಾಮರಾ, ಐನೂರು ವ್ಯಾಟಿನ ಎರಡು ದೀಪ ಹೊತ್ತುಕೊಂಡು ಶೇಡಬಾಳ ಸ್ಟೇಶನ್ನಿನಲ್ಲಿ ಇಳಿದಳು. ಕ್ಯಾಮರಾದಲ್ಲಿ ಉಳಿದಿದ್ದ ಫಿಲ್ಮು ಸರಿಯಾಗಿ ಒಂದು ನಿಮಿಷಕ್ಕೆ ಸಾಕು, ಒಂದು ಉಗುರಿನಷ್ಟೂ ಹೆಚ್ಚಿಲ್ಲ. ಗುರುವಾರ ಸಂಜೆಯ ರೈಲಿಗೆ ಕ್ಯಾಮರಾ ವಾಪಸು ಹೊರಡಬೇಕು, ಅದಕ್ಕಾಗಿ ಇನ್ನೊಬ್ಬ ವಿದ್ಯಾರ್ಥಿ ಕಾಯುತ್ತಿದ್ದ. ಸಿನೆಮಾ ಇಲ್ಲದಿದ್ದರೆ ಡಿಗ್ರಿ ಇಲ್ಲ. ಇನ್ನೊಂದು ವರ್ಷ ಕೇಳಬೇಡ ಎಂದು ನೇಮಿನಾಥರು ಮೊದಲೇ ಹೇಳಿಬಿಟ್ಟಿದ್ದರು. ಒಟ್ಟಿನಲ್ಲಿ ನಾಲ್ಕು ದಿನ, ಒಂದೇ ಅವಕಾಶ.

ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ಕಾವಿ ಬಣ್ಣ ಬಳಿದ ಹಲಗೆ ಹಾಸಿ, ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮರಾ ಕಟ್ಟಿ, ಕಿಟಕಿ ಮುಚ್ಚಿ ಕೆಲಸ ಶುರುವಾಯಿತು. ನಾನು ಸಾಲೆಗೆ ರಜೆ ಹಾಕಿ ಎಣಿಸಲು ಕುಳಿತೆ. ಚಿಮಟದಿಂದ ಕಾಳು ಸರಿಸು, ಕೈ ತೆಗೆ, ಕ್ಯಾಮರಾದ ಗುಂಡಿ ಎರಡು ಸಲ ಒತ್ತು, ಬರೆದುಕೋ. ಮತ್ತೆ ಸರಿಸು. ಸೋಮವಾರ ನೂರಾ ಎಪ್ಪತ್ತು, ಮಂಗಳವಾರ ನೂರಾ ತೊಂಬತ್ತು. ದೀಪದ ಕಾವಿಗೆ ಇಬ್ಬರೂ ಬೆವೆತು ಹೋಗುತ್ತಿದ್ದೆವು. ಫ್ಯಾನ್ ಹಾಕುವ ಹಾಗಿಲ್ಲ, ಜೋರಾಗಿ ಸೀನುವ ಹಾಗೂ ಇಲ್ಲ. ಗಂಗೂಬಾಯಿ ಮೆಟ್ಟಿಲ ಕೆಳಗೆ ನಿಂತು ಊಟಕ್ಕೆ ಕರೆಯುತ್ತಿದ್ದರು, ಮೇಲೆ ಬರುತ್ತಿರಲಿಲ್ಲ. ನಡೆದರೆ ಮಾಳಿಗೆ ಅಲುಗುತ್ತದೆ ಎಂದು ಮೊಮ್ಮಗಳು ಹೇಳಿದ್ದಳು.

ಬುಧವಾರ ಮಧ್ಯಾಹ್ನ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲಾಗಿ ಮನೆಯ ಮುಂದೆ ಹೋದವು. ಒಂದೊಂದಕ್ಕೆ ಎರಡೆರಡು ಟ್ರೇಲರು. ಗೋಡೆ ನಡುಗಿತು, ಹಲಗೆ ನಡುಗಿತು, ‘ಅ’ದ ಹೊಟ್ಟೆಯ ಕಾಳುಗಳು ಜಾರಿದವು. ಅವಳು ಕಾಳುಗಳ ಜಾಗ ಗುರುತಿಸಿದ್ದ ತನ್ನ ನಕ್ಷೆಯ ಕಾಗದ ಹಿಡಿದು ಮುಕ್ಕಾಲು ತಾಸು ಅವನ್ನು ಸರಿಮಾಡಿದಳು. ಇನ್ನೊಂದು ಸಾಲು ಟ್ರ್ಯಾಕ್ಟರು ಬಂತು. ಮತ್ತೆ ಜಾರಿತು. ಚಿಮಟ ಕೆಳಗಿಟ್ಟು ಅವಳು ಅತ್ತಳು. ಐದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ನಾನು ನನ್ನ ಜಾಣತನ ತೋರಿಸಿದೆ. ಸಾಲೆಯಲ್ಲಿ ಗೋಂದು ತೀರಿದಾಗಲೆಲ್ಲ ನಾನು ಬೆಲ್ಲದ ತೆಳು ನೀರು ಹಚ್ಚಿ ಮಕ್ಕಳ ಚಿತ್ರ ಅಂಟಿಸುತ್ತಿದ್ದೆ. ಬೆಲ್ಲಕ್ಕೆ ನಮ್ಮ ಕಡೆ ಬರವೇ? ಬ್ರಶ್ಶಿನಿಂದ ತೆಳ್ಳಗೆ ಒಂದು ಕೈ ಎಳೆದರೆ ಕಾಳು ಹಿಡಿದುಕೊಳ್ಳುತ್ತದೆ, ಎತ್ತಿದರೆ ಬಿಡುತ್ತದೆ ಎಂದೆ. ಅವಳು ಸ್ವಲ್ಪ ಅನುಮಾನಿಸಿದಳು. ನಾನು ಮಾಸ್ತರ, ಇಪ್ಪತ್ತು ವರ್ಷದ ಅನುಭವ ಎಂದು ಎದೆ ತಟ್ಟಿಕೊಂಡೆ. ಕೆಳಗೆ ಹೋಗಿ ಬೆಲ್ಲ ಕೇಳಿ ತಂದವನೂ ನಾನೇ. ಅಕ್ಕಿಯನ್ನು ಒಂದೊಂದು ಭಾಗವಾಗಿ ಎತ್ತಿ, ಬೆಲ್ಲದ ನೀರು ಎಳೆದು, ನಕ್ಷೆಯ ಪ್ರಕಾರ ಮತ್ತೆ ಇಟ್ಟೆವು. ಟ್ರ್ಯಾಕ್ಟರು ಹೋಯಿತು. ಒಂದು ಕಾಳೂ ಕದಲಲಿಲ್ಲ. ಅವಳು ನಕ್ಕಳು, ನಾನೂ ನಕ್ಕೆ. ಸಂಜೆಗೆ ಒಟ್ಟು ಐನೂರಾ ಮೂವತ್ತು ಮುಗಿದು ಇವತ್ತಿನ ‘ಅ’ ಪೂರ್ತಿಯಾಯಿತು. ಚೆದುರುವ ಭಾಗ ಮಾತ್ರ ಗುರುವಾರಕ್ಕೆ ಉಳಿಯಿತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವಳು ದೀಪ ಹಚ್ಚಿದಳು. ವೋಲ್ಟೇಜು ಒಂದು ಹದಕ್ಕೆ ಬರಲು ಕಾಲು ತಾಸು ಬೇಕು. ಅಷ್ಟರಲ್ಲಿ ಚಹಾ ಕುಡಿದು ಬರೋಣ ಎಂದು ಕೆಳಗೆ ಇಳಿದೆವು. ಕಾಲು ತಾಸು ಎಂದದ್ದು ಅರ್ಧ ತಾಸಾಯಿತು, ಏಕೆಂದರೆ ನಾನು ಎರಡನೇ ಕಪ್ಪು ಕೇಳಿದೆ.

ಮೇಲೆ ಬಂದು ಬಾಗಿಲು ತೆರೆದಾಗ ಹಲಗೆಯ ಮೇಲೆ ‘ಅ’ ಅಲುಗುತ್ತಿತ್ತು. ಒಂದು ಕ್ಷಣ ನನ್ನ ಕಣ್ಣಿಗೆ ಏನೋ ಆಯಿತು ಎಂದುಕೊಂಡೆ. ಅವಳೇ ಮೊದಲು ನೋಡಿದಳು. ಕಿಟಕಿಯ ಸಂದಿಯಿಂದ ದಪ್ಪ ಕರಿ ಇರುವೆಯ ಸಾಲು ಗೋಡೆಗುಂಟ ಇಳಿದು, ನೆಲ ದಾಟಿ, ಹಲಗೆ ಹತ್ತಿ, ಅಕ್ಷರದ ಮೇಲೆಲ್ಲ ಹಬ್ಬಿತ್ತು. ಕೆಲವು ಆಗಲೇ ಅಕ್ಕಿಕಾಳು ಕಚ್ಚಿಕೊಂಡು ಎಳೆಯುತ್ತಿದ್ದವು. ಮೇಲೆ ದೀಪ ಉರಿಯುತ್ತಿತ್ತು.

ಅಕ್ಕುತಾಯಿ ಬಾಯಿ ಮುಚ್ಚಿಕೊಂಡು ನಿಂತಳು. ನಾನು ನಿಲ್ಲಲಿಲ್ಲ. ಪಕ್ಕದ ಮನೆಯ ಸೋನಾಬಾಯಿ ದ್ರಾಕ್ಷಿ ತೋಟಕ್ಕೆಂದು ಹುಳ ಕೊಲ್ಲುವ ಗ್ಯಾಮಾಕ್ಸಿನ್ ಪುಡಿ ಇಡುತ್ತಿದ್ದರು. ಓಡಿ ಹೋಗಿ ಡಬ್ಬಿ ಇಸಿದುಕೊಂಡು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದೆ. ಹಲಗೆಯ ಸುತ್ತ ಒಂದು ಗೆರೆ ಪುಡಿ ಹಾಕಿದರೆ ಐದು ನಿಮಿಷದ ಕೆಲಸ. ಅಷ್ಟರೊಳಗೆ ಗಂಗೂಬಾಯಿ ಮೇಲೆ ಬಂದಿದ್ದರು. ಹೊಸ್ತಿಲಲ್ಲಿ ಕುಳಿತಿದ್ದರು. ನನ್ನ ಕೈಯಲ್ಲಿದ್ದ ಡಬ್ಬಿ ಏನೆಂದು ಅವರಿಗೆ ಕೇಳಬೇಕಾಗಿರಲಿಲ್ಲ, ಅದರ ವಾಸನೆ ನನಗಿಂತ ಮುಂದೆ ಬಂದಿತ್ತು.

ನಾನು ಜೈನನಲ್ಲ. ನಮ್ಮ ಹೊಲದಲ್ಲಿ ಆ ಪುಡಿಯನ್ನು ಚೀಲಗಟ್ಟಲೆ ಹಾಕಿದ್ದೇವೆ. ಆದರೂ ಆ ಮುದುಕಿಯನ್ನು ದಾಟಿ ಒಳಗೆ ಕಾಲಿಡಲು ನನಗೆ ಆಗಲಿಲ್ಲ. ಅಲ್ಲೇ ನಿಂತು ಅಕ್ಕುತಾಯಿಗೆ ಡಬ್ಬಿ ಚಾಚಿದೆ. ಸಂಜೆ ಐದಕ್ಕೆ ರೈಲು, ಇದೊಂದು ಸಲ ಹಾಕಿಬಿಡು, ಆಮೇಲೆ ಏನಾದರೂ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂದೆ. ಅವಳು ಡಬ್ಬಿ ತೆಗೆದುಕೊಂಡಳು. ನಿಜ ಹೇಳುತ್ತೇನೆ, ಮುಚ್ಚಳವನ್ನೂ ತೆಗೆದಳು. ಐದು ವರ್ಷದ ಓದು ಆ ಡಬ್ಬಿಯೊಳಗೆ ಇದ್ದಂತೆ ಅದನ್ನೇ ನೋಡುತ್ತಿದ್ದಳು.

ಗಂಗೂಬಾಯಿ ಬೇಡ ಎನ್ನಲಿಲ್ಲ.

“ಅಕ್ಕು, ನಿನ್ನ ಸಾಲಿ ನನಗ ತಿಳಿಯಂಗಿಲ್ಲ. ನೀ ಏನ ಮಾಡ್ತಿ ಮಾಡು. ನಾ ಹೊರಗ ಹೋಗಂಗಿಲ್ಲ, ಇಲ್ಲೇ ಕುಂತ ನೋಡ್ತೇನಿ,” ಎಂದರು.

ಬೈದಿದ್ದರೆ ಅವಳು ಹಾಕಿಬಿಡುತ್ತಿದ್ದಳೋ ಏನೋ. ನನಗೆ ಇವತ್ತಿಗೂ ಹಾಗೆಯೇ ಅನಿಸುತ್ತದೆ. ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟಳು. ಹೋಗಿ ಎರಡೂ ದೀಪ ಆರಿಸಿದಳು. ಕೋಣೆ ಕತ್ತಲಾಯಿತು. ಮುಗಿಯಿತು ಎಂದುಕೊಂಡೆ. ನನಗೆ ಒಂದು ಸಣ್ಣ ಹೆದರಿಕೆಯೂ ಇತ್ತು. ಬೆಲ್ಲದ ಮಾತು ಯಾರೂ ಎತ್ತದಿದ್ದರೆ ಸಾಕು ಎಂಬ ಹೆದರಿಕೆ.

ಗಂಗೂಬಾಯಿ ಎದ್ದು ಕೆಳಗೆ ಹೋಗಿ ಒಂದು ಬಟ್ಟಲಲ್ಲಿ ರವೆ ಸಕ್ಕರೆ ಕಲಸಿ ತಂದರು. ಐವತ್ತು ವರ್ಷ ಅಡಿಗೆಮನೆಯಲ್ಲಿ ಒಂದು ಇರುವೆಯನ್ನೂ ಕೊಲ್ಲದೆ ಸಂಸಾರ ಮಾಡಿದವರಿಗೆ ಅವನ್ನು ಹೊರಗೆ ಕರೆದುಕೊಂಡು ಹೋಗುವ ರೀತಿ ಗೊತ್ತಿರುತ್ತದೆ. ಹಲಗೆಯ ಮೂಲೆಯಿಂದ ಕಿಟಕಿಯವರೆಗೆ ಅವರು ಎರಡು ಬೆರಳಿನಿಂದ ಸಣ್ಣ ಗೆರೆ ಬಿಡುತ್ತ ಹೋದರು, ಬಸದಿಯಲ್ಲಿ ಅಕ್ಕಿ ಬಿಡುವ ಹಾಗೆಯೇ. ಬೆಳಕು ಬೇಕೆಂದು ಕಿಟಕಿ ತೆರೆದರು. ಬಿಸಿಲು ನೇರ ಹಲಗೆಯ ಮೇಲೆ ಬಿತ್ತು. ಇರುವೆಗಳು ಸ್ವಲ್ಪ ಹೊತ್ತು ಗೊಂದಲಕ್ಕೆ ಬಿದ್ದವು, ಆಮೇಲೆ ಒಂದೊಂದಾಗಿ ಆ ಗೆರೆಯನ್ನು ಹಿಡಿದವು. ಬಾಯಲ್ಲಿದ್ದ ಅಕ್ಕಿಕಾಳನ್ನು ಮಾತ್ರ ಬಿಡಲಿಲ್ಲ.

ಆಗ ಅಕ್ಕುತಾಯಿ ಕ್ಯಾಮರಾದ ಹತ್ತಿರ ಹೋದಳು. ಬೆಳಕಿನ ಮೀಟರು ಹಿಡಿದು ನೋಡಿ ಲೆನ್ಸು ತಿರುಗಿಸಿದಳು. ಒಂದು ಸಲ ಒತ್ತಿದಳು. ಮನಸ್ಸಿನಲ್ಲೇ ಏನೋ ಎಣಿಸಿ ಮತ್ತೊಂದು ಸಲ ಒತ್ತಿದಳು. ನನಗೆ ಅರ್ಥವಾಗಲು ಅವಳು ಐದಾರು ಸಲ ಒತ್ತಬೇಕಾಯಿತು. ಕಾಳು ಚೆದುರಿ ಹಲಗೆಯ ಹೊರಗೆ ಹೋಗುವ ಭಾಗವೇ ಅಲ್ಲವೇ ಉಳಿದದ್ದು.

ಒಂದೂವರೆ ತಾಸು ಹೀಗೆಯೇ ನಡೆಯಿತು. ಮೂರು ದಿನ ಚಿಮಟದಿಂದ ತಾನು ನಡೆಸಿದ ಅಕ್ಷರವನ್ನು ಈಗ ಬೇರೆ ಯಾರೋ ನಡೆಸುತ್ತಿದ್ದರು, ಅವಳ ಕೈಯಲ್ಲಿ ಏನೂ ಇರಲಿಲ್ಲ. ಮೋಡ ಬಂದರೆ ಎಂಬ ಚಿಂತೆ, ಇರುವೆ ನಿಂತುಬಿಟ್ಟರೆ ಎಂಬ ಚಿಂತೆ, ಟ್ರ್ಯಾಕ್ಟರಿನ ಸದ್ದು ಕೇಳಿದರೆ ನಾನು ಕ್ಯಾಮರಾದ ಕಾಲು ಹಿಡಿದು ಕೂಡುತ್ತಿದ್ದೆ. ಗಂಗೂಬಾಯಿ ಗೆರೆ ಮಾಸಿದಲ್ಲಿ ಮತ್ತೆ ಎಳೆಯುತ್ತಿದ್ದರು. ‘ಅ’ದ ಹೊಟ್ಟೆ ಕರಗಿತು, ಬಾಲ ಕರಗಿತು. ಮುನ್ನೂರಾ ಎಂಬತ್ತನ್ನು ನಾನು ಎಣಿಸಿದಾಗ ಕ್ಯಾಮರಾದಲ್ಲಿ ಸದ್ದು ಬದಲಾಯಿತು. ಫಿಲ್ಮು ತೀರಿತ್ತು. ಅರ್ಧ ಅಕ್ಷರ ಹಲಗೆಯ ಮೇಲೆ ಹಾಗೆಯೇ ಇತ್ತು.

ಸಂಜೆಯ ರೈಲಿಗೆ ಅವಳು ಹೊರಟಳು. ಸ್ಟೇಶನ್ನಿನಲ್ಲಿ ನೇಮಿನಾಥರು ನನ್ನನ್ನು ಪಕ್ಕಕ್ಕೆ ಕರೆದು, ಇರುವೆ ಹೆಂಗ ಬಂದುವು ಮಾಸ್ತರ ಎಂದು ಕೇಳಿದರು. ಅಕ್ಕಿಗೆ ಬಂದಾವ ಬಿಡ್ರಿ ಎಂದೆ. ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ನಾಚಿಕೆಯಾಗುತ್ತದೆ. ಅಕ್ಕುತಾಯಿ ಕೇಳಿಸಿಕೊಂಡಳು.

ಫಿಲ್ಮು ಮುಂಬೈಯಲ್ಲಿ ತೊಳೆದು ಬರುವ ತನಕ ಏನು ಬಂದಿದೆ ಎಂದು ಗೊತ್ತಾಗುವುದಿಲ್ಲ. ಮೂರು ವಾರ ಅವಳ ಪತ್ರ ಬರಲಿಲ್ಲ. ಆಮೇಲೆ ಒಂದು ಅಂತರ್ದೇಶೀಯ ಪತ್ರ ಬಂತು. ಸಿನೆಮಾ ಬಂದಿದೆ, ಕೊನೆಯ ಹದಿನಾರು ಸೆಕೆಂಡು ಬೆಳಕು ಬೇರೆಯಾಗಿದೆ, ಆದರೂ ಕಾಣುತ್ತದೆ ಎಂದು ಬರೆದಿದ್ದಳು. ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಆ ಹದಿನಾರು ಸೆಕೆಂಡನ್ನು ಬಹಳ ಮೆಚ್ಚಿ, ಈ ನಡಿಗೆಯನ್ನು ಹೇಗೆ ಸಾಧಿಸಿದೆ ಎಂದು ಕೇಳಿದರಂತೆ. ನಾನೇ ಮಾಡಿದೆ ಎಂದಿದ್ದರೆ ಮೊದಲ ದರ್ಜೆ. ಇವಳು ಇರುವೆ ಮಾಡಿದವು ಎಂದಳು. ಅವರು ಮುಖ ಸಣ್ಣಗೆ ಮಾಡಿ, ಹಾಗಾದರೆ ನಿನ್ನ ಕೈಯ ಕೆಲಸಕ್ಕೆ ಮಾತ್ರ ಅಂಕ ಎಂದು ಆ ಭಾಗದ್ದನ್ನು ಕಡಿದರು. ಪಾಸಾದಳು, ಅಷ್ಟೇ. ಕಲಿತದ್ದು ಕಲಿತಂತೆ, ಡಿಗ್ರಿ ಕೈಗೆ ಬಂತು. ಪತ್ರ ಓದಿ ನಾನು ಅವಳನ್ನು ಮನಸ್ಸಿನಲ್ಲೇ ದಡ್ಡಿ ಎಂದು ಬೈದೆ, ಆಮೇಲೆ ನನ್ನನ್ನು ಬೈದುಕೊಂಡೆ.

ಮೇ ತಿಂಗಳಲ್ಲಿ ಅವಳು ಆ ಸಿನೆಮಾದ ಒಂದು ಪ್ರತಿ ತಂದಳು. ರಾಯಬಾಗದ ಒಂದು ಸಾಲೆಯಲ್ಲಿ ಪ್ರೊಜೆಕ್ಟರು ಇತ್ತು, ನಾನು ಕೇಳಿ ತಂದೆ. ಮಧ್ಯಾಹ್ನ ಮಗದುಮ್ಮರ ನಡುಮನೆಯಲ್ಲಿ ಕಿಟಕಿಗೆ ಕಂಬಳಿ ಹಾಕಿ, ಗೋಡೆಗೆ ಬಿಳಿ ಧೋತರ ಕಟ್ಟಿ ಸಿನೆಮಾ ಹಚ್ಚಿದೆವು. ನೇಮಿನಾಥರು, ಗಂಗೂಬಾಯಿ, ಅಕ್ಕುತಾಯಿ, ನಾನು. ಹಳೆಯ ‘ಅ’ ಎದ್ದಿತು, ಮೈಮುರಿಯಿತು, ಹೊಸ ‘ಅ’ ಆಯಿತು. ನೇಮಿನಾಥರ ಬಾಯಿ ತೆರೆದೇ ಇತ್ತು. ಆಮೇಲೆ ಬೆಳಕು ಬದಲಾಗಿ ಇರುವೆಗಳು ಬಂದವು, ಕಾಳುಗಳು ಸಾಲಾಗಿ ನಡೆದವು, ಅರ್ಧ ಅಕ್ಷರ ಉಳಿದು ಪರದೆ ಬೆಳ್ಳಗಾಯಿತು. ನೇಮಿನಾಥರು ಚಪ್ಪಾಳೆ ತಟ್ಟಿದರು. ಮಗಳ ಕೆಲಸಕ್ಕೆ ಅವರು ತಟ್ಟಿದ ಮೊದಲ ಚಪ್ಪಾಳೆ ಅದು.

ಗಂಗೂಬಾಯಿ ಮಾತ್ರ ಇನ್ನೂ ಧೋತರವನ್ನೇ ನೋಡುತ್ತಿದ್ದರು.

“ಎಲ್ಲಾ ನಡದುವು. ಕೆಲವು ನಿಂತಲ್ಲೇ ನಿಂತಾವಲ್ಲ ಅಕ್ಕು, ಅವು ಎಷ್ಟು?” ಎಂದರು.

ದೊಡ್ಡ ದೊಡ್ಡ ಪ್ರಾಧ್ಯಾಪಕರು ನಡಿಗೆಯನ್ನು ನೋಡಿದ್ದರು. ನಡೆಯದೆ ಉಳಿದವನ್ನು ಯಾರೂ ನೋಡಿರಲಿಲ್ಲ. ಅವು ಬೆಲ್ಲಕ್ಕೆ ಅಂಟಿಕೊಂಡು, ದೀಪದ ಕಾವಿಗೆ, ನಾನು ಎರಡನೇ ಕಪ್ಪು ಚಹಾ ಕುಡಿಯುವಾಗಲೇ ಸತ್ತ ಇರುವೆಗಳು.

“ಹದಿನೇಳು, ಆಯಿ,” ಎಂದಳು ಅಕ್ಕುತಾಯಿ. ತಡೆದು ಯೋಚಿಸಲಿಲ್ಲ, ಅವಳಿಗೆ ಮೊದಲೇ ಗೊತ್ತಿತ್ತು.

ಆಗ ನನ್ನ ಬಾಯಿ ತೆರೆಯಿತು. ಬೆಲ್ಲದ ನೀರು ಹಚ್ಚಲು ಹೇಳಿದವನು ನಾನು, ದೀಪ ಉರಿಯುತ್ತಿರುವಾಗ ಅವಳನ್ನು ಕೆಳಗೆ ಕೂಡಿಸಿದವನೂ ನಾನು, ಸ್ಟೇಶನ್ನಿನಲ್ಲಿ ಸುಳ್ಳು ಹೇಳಿದೆ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನೇಮಿನಾಥರು ನನ್ನ ಕಡೆ ತಿರುಗಿ ನೋಡಿದರು. ಗಂಗೂಬಾಯಿ ನೋಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಜೋಡಿಸಿದರು.

“ಇನ್ನೊಮ್ಮೆ ಹಚ್ಚರಿ ಮಾಸ್ತರ,” ಎಂದರು.

ನಾನು ಫಿಲ್ಮು ಸುತ್ತಿ ಮತ್ತೆ ಹಚ್ಚಿದೆ. ಎರಡನೇ ಸಲ ನಮ್ಮಲ್ಲಿ ಯಾರೂ ಅಕ್ಷರವನ್ನು ನೋಡಲಿಲ್ಲ.